‘ಲಕ್ಷ್ಯ’ ಚಿತ್ರದಲ್ಲಿ ನಾಯಕ ಸೇನಾ ಅಕಾಡೆಮಿಗೆ ಮರಳಿ ಹೋಗುವ ಭಾಗ ಯಾರಿಗಾದರೂ ನೆನಪಿದೆಯೇ?

ನೀರ್ಚಾಲು ಅಡಿಕೆ ತೋಟ

2004ರ ಹಿಂದಿ ಚಿತ್ರ ‘ಲಕ್ಷ್ಯ’ವನ್ನು ನಾನು ನೋಡಿದ್ದು ಕಳೆದ ವಾರ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದಿಗಿಟ್ಟಿದ್ದೆ. ಕಾರ್ಗಿಲ್ ಯುದ್ಧದ ಕಥೆ ಎಂದು ಕೇಳಿದ್ದೆ. ಗುಂಡು, ಬಾವುಟ, ಕೂಗಾಟ ಇಷ್ಟೇ ಇರುತ್ತದೆ ಎಂದು ನನ್ನ ಎಣಿಕೆ. ನೋಡಿದ ಮೇಲೆ ಮೂರು ದಿನ ತಲೆಯಿಂದ ಇಳಿಯಲಿಲ್ಲ.

ನೋಡದವರಿಗಾಗಿ ಕಥೆ ಹೇಳುತ್ತೇನೆ. ದೆಹಲಿಯ ಸಿರಿವಂತರ ಮನೆಯ ಹುಡುಗ ಕರಣ್. ಮುಂದೇನು ಮಾಡುತ್ತೀ ಎಂದರೆ ಉತ್ತರವಿಲ್ಲ. ಗೆಳೆಯನೊಬ್ಬ ಸೇನೆಗೆ ಸೇರುತ್ತೇನೆ ಎಂದ, ಇವನೂ ಅರ್ಜಿ ಹಾಕಿದ. ಗೆಳೆಯ ಹಿಂದೆ ಸರಿದ, ಇವನು ಡೆಹ್ರಾಡೂನಿನ ಅಕಾಡೆಮಿಗೆ ಹೋದ. ಅಲ್ಲಿನ ಶಿಸ್ತು ತಡೆಯಲಾಗದೆ ಒಂದು ದಿನ ಮನೆಗೆ ಓಡಿ ಬಂದ. ಅಪ್ಪನಿಗೆ ಮೊದಲೇ ಅವನ ಮೇಲೆ ನಂಬಿಕೆ ಇರಲಿಲ್ಲ. ಪ್ರೀತಿಸಿದ ಹುಡುಗಿಯೂ ಇದನ್ನು ಕಂಡು ದೂರವಾದಳು. ಆಮೇಲೆ ಅವನು ತಾನಾಗಿಯೇ ಮರಳಿ ಹೋಗುತ್ತಾನೆ, ಶಿಕ್ಷೆ ಅನುಭವಿಸುತ್ತಾನೆ, ಅಧಿಕಾರಿಯಾಗುತ್ತಾನೆ. ಯುದ್ಧ ಬರುವುದು ಅದರ ನಂತರ.

ಎಲ್ಲರೂ ಬೆಟ್ಟ ಹತ್ತುವ ಕೊನೆಯ ಭಾಗವನ್ನು ಹೊಗಳುತ್ತಾರೆ. ನನಗೆ ಮುಖ್ಯವೆನಿಸಿದ್ದು ಆ ಮರಳಿ ಹೋಗುವ ಭಾಗ. ಇದಕ್ಕೆ ಮನೆಯ ಕಾರಣವಿದೆ. ನನ್ನ ಮಗನಿಗೆ ಹತ್ತೊಂಬತ್ತು. ಸೇನಾ ನೇಮಕಾತಿಗೆ ತಯಾರು ಮಾಡುವ ಒಂದು ವಸತಿ ಶಿಬಿರಕ್ಕೆ ಸೇರಿಸಿದ್ದೆ. ಇಪ್ಪತ್ತಮೂರನೆಯ ದಿನ ಚೀಲ ಹಿಡಿದು ಅಂಗಳದಲ್ಲಿ ಬಂದು ನಿಂತ. ‘ನಿನ್ನಿಂದ ಇಷ್ಟೇ ಆಗುವುದೆಂದು ನನಗೆ ಗೊತ್ತಿತ್ತು’ ಎಂದುಬಿಟ್ಟೆ. ಅದಾಗಿ ಐದು ವಾರ. ನಮ್ಮ ನಡುವೆ ‘ಊಟವಾಯಿತೇ’ ಎಂಬುದಕ್ಕಿಂತ ಹೆಚ್ಚಿನ ಮಾತಿಲ್ಲ.

ಈ ಚಿತ್ರದ ಬಗ್ಗೆ ನಮ್ಮವರು ಯಾರೂ ಏಕೆ ಮಾತನಾಡಲಿಲ್ಲ?

ರೈಲುಹಾದಿ ಮಂಜೇಶ್ವರ

ಮಾತನಾಡದಿರುವುದಕ್ಕೆ ಕಾರಣವಿದೆ ಅಣ್ಣ, ಚಿತ್ರ ಉದ್ದವಾಯಿತು. ಮೂರು ಗಂಟೆಗೂ ಹೆಚ್ಚು. ಮೊದಲರ್ಧ ಕಾಲೇಜು, ಪ್ರೀತಿ, ಹಾಡು. ಯುದ್ಧ ನೋಡಲು ಬಂದವನಿಗೆ ಪ್ರೀತಿ ಕೊಟ್ಟರು, ಪ್ರೀತಿ ನೋಡಲು ಬಂದವನಿಗೆ ಯುದ್ಧ ಕೊಟ್ಟರು. ಬಿಡುಗಡೆಯಾದಾಗ ನಿರೀಕ್ಷೆಯಷ್ಟು ಓಡಲಿಲ್ಲ.

ಪೆರ್ಲದ ಟೀಚರ್

‘ಯಾರೂ ಮಾತನಾಡಲಿಲ್ಲ’ ಎಂಬುದನ್ನು ಸ್ವಲ್ಪ ತಿದ್ದಬೇಕು. 2024ರಲ್ಲಿ ಇಪ್ಪತ್ತು ವರ್ಷ ತುಂಬಿದಾಗ ಮತ್ತೆ ಚಿತ್ರಮಂದಿರಗಳಿಗೆ ತಂದರು. ಪೂರ್ತಿ ಮರೆತ ಚಿತ್ರವಲ್ಲ. ಆದರೆ ಬಂದ ಕಾಲದಲ್ಲಿ ಸಿಗಬೇಕಾದ ಗಮನ ಸಿಗಲಿಲ್ಲ ಎಂಬುದು ನಿಜ. ಅದೇ ವರ್ಷದ ಕೊನೆಗೆ ಬಂದ ‘ಸ್ವದೇಸ್’ನದೂ ಅದೇ ಗತಿ.

ಚಿತ್ರಕ್ಕಿಂತ ನಿಮ್ಮ ಮಗನ ವಿಷಯ ನನ್ನನ್ನು ತಟ್ಟಿತು. ಅವನು ಏಕೆ ಬಂದ ಎಂದು ಕೇಳಿದ್ದೀರಾ?

ನೀರ್ಚಾಲು ಅಡಿಕೆ ತೋಟ

ಕೇಳಲಿಲ್ಲ ಟೀಚರ್. ಗೊತ್ತಿದೆ ಎಂದುಕೊಂಡಿದ್ದೆ.

ಉಪ್ಪಳ ಸಂಜೆ

ನನಗೆ ನೆನಪಿರುವುದು ಕರಣ್ ಪಾತ್ರದ ಹೃತಿಕ್ ಕುಣಿದ ಆ ‘ಮೈ ಐಸಾ ಕ್ಯೂಂ ಹೂಂ’ ಹಾಡು ಮಾತ್ರ. ಅದರ ನೃತ್ಯ ಸಂಯೋಜನೆಗೆ ಪ್ರಭುದೇವ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮೈಸೂರಿನಲ್ಲಿ ಹುಟ್ಟಿದವರು, ಮೂಗೂರು ಸುಂದರ್ ಅವರ ಮಗ. ನಮ್ಮವರ ಕೈ ಈ ಚಿತ್ರದಲ್ಲಿದೆ ಎಂದು ಎಷ್ಟು ಜನರಿಗೆ ಗೊತ್ತು?

ರೈಲುಹಾದಿ ಮಂಜೇಶ್ವರ

ಹಾಡು ಚೆನ್ನಾಗಿದೆ, ಒಪ್ಪಿದೆ. ಕಥೆಗೆ ಅದು ಏಕೆ ಬೇಕು?

ಉಪ್ಪಳ ಸಂಜೆ

ಬೇಕು! ಇಡೀ ಚಿತ್ರದ ಪ್ರಶ್ನೆ ಆ ಹಾಡಿನಲ್ಲಿದೆ. ನಾನೇಕೆ ಹೀಗಿದ್ದೇನೆ ಎಂದು ಅವನು ಕೇಳಿಕೊಳ್ಳುತ್ತಾನೆ. ಕೈಕಾಲು ಮೈಗೆ ಸೇರಿದ್ದೇ ಅಲ್ಲ ಎಂಬಂತೆ ಕುಣಿಯುತ್ತಾನೆ. ಮುಂದೆ ಪೆರೇಡಿನಲ್ಲಿ ಅದೇ ಮೈ ಒಂದು ಗೆರೆಯಂತೆ ನಿಲ್ಲುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ನೋಡಿ, ಆಮೇಲೆ ಹೇಳಿ.

ಮುಳ್ಳೇರಿಯ ಮಾಜಿ ಹವಾಲ್ದಾರ

ನಾನು ಸೇನೆಯಲ್ಲಿ ಇದ್ದವನು. ಸರಕು ಸಾಗಣೆಯ ವಿಭಾಗದಲ್ಲಿ ಲಾರಿ ಚಾಲಕ. ಕಾರ್ಗಿಲ್ ಯುದ್ಧದಲ್ಲಿ ಇರಲಿಲ್ಲ. ಆದರೆ 2002 ಮತ್ತು 2003ರಲ್ಲಿ, ಎರಡು ಬೇಸಿಗೆ, ಆ ಕಡೆ ಓಡಾಡಿದ್ದೇನೆ. ಹಾಗಾಗಿ ಕೆಲವು ಮಾತು.

ಚಿತ್ರದ ‘ಪಾಯಿಂಟ್ 5179’ ಕಥೆಗಾಗಿ ಕಟ್ಟಿದ್ದು. ನಿಜವಾದವು ಪಾಯಿಂಟ್ 5140, ಪಾಯಿಂಟ್ 4875. ಈ ಅಂಕಿ ಸಂಕೇತವಲ್ಲ, ಶಿಖರದ ಎತ್ತರ, ಮೀಟರುಗಳಲ್ಲಿ. ಹೆಸರಿಲ್ಲದ ಶಿಖರಕ್ಕೆ ಎತ್ತರವೇ ಹೆಸರು. ಶತ್ರು ಕಾಯದ ಕಡಿದಾದ ಬದಿಯಿಂದ ರಾತ್ರಿ ಹಗ್ಗ ಹಿಡಿದು ಹತ್ತುವುದು ಮಾತ್ರ ಸುಳ್ಳಲ್ಲ. 1999ರ ಜುಲೈ 3ರ ರಾತ್ರಿ ಟೈಗರ್ ಹಿಲ್‌ಗೆ 18 ಗ್ರೆನೇಡಿಯರ್ಸ್ ಎಂಬ ಪಡೆಯವರು ಹಾಗೆಯೇ ಹತ್ತಿದರು. ಅವರಲ್ಲಿ ಯೋಗೇಂದ್ರ ಸಿಂಗ್ ಯಾದವ್ ಅವರಿಗೆ ಆಗ ಹತ್ತೊಂಬತ್ತು ವರ್ಷ. ಪರಮವೀರ ಚಕ್ರ ಬಂತು. ತೋಟದ ಅಣ್ಣನ ಮಗನ ವಯಸ್ಸು.

ಚಿತ್ರ ತೋರಿಸದ ಒಂದು ಸಂಗತಿ ಮೈ ಒಗ್ಗಿಸುವುದು. ಕೆಳಗಿನಿಂದ ಬಂದವನನ್ನು ನೇರ ಮೇಲಕ್ಕೆ ಕಳುಹಿಸುವಂತಿಲ್ಲ. ಮೊದಲ ಹಂತ ಆರು ದಿನ, ಅದರ ಮೇಲಿನ ಎತ್ತರಕ್ಕೆ ನಾಲ್ಕು, ಅದಕ್ಕೂ ಮೇಲೆ ಮತ್ತೆ ನಾಲ್ಕು. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ಬೂಟಿನ ದಾರ ಕಟ್ಟಲು ಬಗ್ಗಿದರೆ ಮೇಲೆದ್ದಾಗ ಏದುಸಿರು. ನಮ್ಮ ಊರಿನ ಗುಡ್ಡ ಹತ್ತಿ ಬೆಳೆದವನೆಂಬ ನನ್ನ ಹೆಮ್ಮೆ ಕಾರ್ಗಿಲ್ ಬಳಿಯ ದ್ರಾಸ್‌ನಲ್ಲಿ ಮೊದಲ ದಿನವೇ ಇಳಿಯಿತು.

ಬದಿಯಡ್ಕದ ಅಭ್ಯರ್ಥಿ

ಹವಾಲ್ದಾರರೇ, ನಿಮ್ಮಂಥವರು ಬರೆಯಬೇಕು. ನಾನು ಸೇನಾಧಿಕಾರಿಯಾಗಲು ಬೇಕಾದ ಸಿಡಿಎಸ್ ಪರೀಕ್ಷೆ ಬರೆಯುತ್ತಿದ್ದೇನೆ, ಎರಡನೆಯ ಸಲ. ಚಿತ್ರವನ್ನು ಆರು ಸಲ ನೋಡಿದ್ದೇನೆ. ಆದರೆ ಒಂದು ವಿಷಯ ನನಗೆ ಪ್ರತಿ ಸಲವೂ ಚುಚ್ಚುತ್ತದೆ. ಕರಣ್ ಸಿರಿವಂತ. ಅವನಿಗೆ ಸೇನೆ ಬೇಡವಾದರೆ ಅಪ್ಪನ ವ್ಯವಹಾರವಿದೆ. ಓಡಿ ಬರಬಹುದು, ತಿರುಗಿ ಹೋಗಬಹುದು, ತನ್ನನ್ನು ತಾನು ಹುಡುಕಿಕೊಳ್ಳಬಹುದು. ನಮ್ಮ ಕಡೆಯಿಂದ ನೇಮಕಾತಿಗೆ ಹೋಗಿ ಓಡುವ ಹುಡುಗರಿಗೆ ಅದು ಹುಡುಕಾಟವಲ್ಲ, ಸಂಬಳ. ಈಗ ಸೇನಾ ನೇಮಕಾತಿಯ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಆತ್ಮಶೋಧನೆಗೆ ಪುರುಸೊತ್ತು ಬೇಕು, ಅದು ಇರುವವರ ಸೊತ್ತು.

ರೈಲುಹಾದಿ ಮಂಜೇಶ್ವರ

ಇದು ಮಾತು! ನಾನು ಹೇಳಲಾಗದೆ ಒದ್ದಾಡುತ್ತಿದ್ದುದು ಇದನ್ನೇ.

ಪೆರ್ಲದ ಟೀಚರ್

ನಾನು ಒಪ್ಪುವುದಿಲ್ಲ. ಬಡವರ ಮನೆಯ ಮಗುವಿಗೆ ‘ನಾನು ಯಾರು’ ಎಂಬ ಪ್ರಶ್ನೆ ಇರುವುದಿಲ್ಲ ಎನ್ನುತ್ತೀರಾ? ಮೂವತ್ತು ವರ್ಷ ತರಗತಿಯಲ್ಲಿ ನಿಂತಿದ್ದೇನೆ. ಆ ಪ್ರಶ್ನೆ ಎಲ್ಲರಿಗೂ ಇದೆ. ಕೇಳಿಸಿಕೊಳ್ಳುವವರು ಕೆಲವರಿಗಷ್ಟೇ ಸಿಗುತ್ತಾರೆ.

ಬದಿಯಡ್ಕದ ಅಭ್ಯರ್ಥಿ

ಪ್ರಶ್ನೆ ಇರುವುದಿಲ್ಲ ಎನ್ನಲಿಲ್ಲ ಟೀಚರ್. ಅದನ್ನು ಕೇಳಿಕೊಳ್ಳುತ್ತಾ ಕುಳಿತುಕೊಳ್ಳಲು ಬಿಡುವವರಿಲ್ಲ ಎಂದೆ. ನಾನೇ ಈ ಸಲ ಆಗದಿದ್ದರೆ ಅಕ್ಕನ ಗಂಡನ ಅಂಗಡಿಗೆ ಹೋಗಬೇಕು, ಮನೆಯಲ್ಲಿ ಮಾತು ಮುಗಿದಿದೆ.

ಕುಂಬಳೆ ಅರ್ಥಗಾರಿಕೆ

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನಾಗಿ ಒಂದು ಪ್ರಸಂಗ ನೆನಪಿಸದೆ ಇರಲಾರೆ. ಇದು ಮಹಾಭಾರತದ ‘ಉತ್ತರ ಗೋಗ್ರಹಣ’ ಅಲ್ಲವೇ? ಅಂತಃಪುರದಲ್ಲಿ ಹೆಂಗಸರ ಮುಂದೆ ಬಡಾಯಿ ಕೊಚ್ಚಿ ಹೊರಟ ಉತ್ತರಕುಮಾರ, ಕೌರವ ಸೇನೆಯನ್ನು ಕಂಡ ಕೂಡಲೇ ರಥದಿಂದ ಹಾರಿ ಓಡುತ್ತಾನೆ. ಉತ್ತರನ ಪೌರುಷ ಒಲೆಯ ಮುಂದೆ ಎಂದು ಇಂದಿಗೂ ಆಡಿಕೊಳ್ಳುತ್ತೇವೆ. ಬೃಹನ್ನಳೆ ಬೆನ್ನಟ್ಟಿ, ಹಿಡಿದು, ಎಳೆದು ತಂದು ರಥದಲ್ಲಿ ಕೂರಿಸುತ್ತಾಳೆ. ಕರಣ್ ಎಂಬವನು ಹಿಂದಿ ಮಾತನಾಡುವ ಉತ್ತರಕುಮಾರ.

ಆದರೆ ವ್ಯತ್ಯಾಸ ಇಲ್ಲಿದೆ. ಉತ್ತರನನ್ನು ಎಳೆದು ತರಲು ಬೃಹನ್ನಳೆ ಇದ್ದಳು. ಈ ಹುಡುಗನ ಬೆನ್ನ ಹಿಂದೆ ಯಾರೂ ಓಡಲಿಲ್ಲ. ಅವನೇ ತನ್ನನ್ನು ಎಳೆದುಕೊಂಡು ಹೋದ. ತೋಟದ ಅಣ್ಣನಿಗೆ ಆ ಭಾಗ ತಟ್ಟಿದ್ದು ಸರಿಯಾಗಿಯೇ ಇದೆ.

ಪೈವಳಿಕೆ ಓದುಗಿ

ಯಾರೂ ಇರಲಿಲ್ಲ ಎನ್ನಬೇಡಿ. ಅವನು ಪ್ರೀತಿಸಿದ ರೋಮಿಲಾ ಇದ್ದಳು. ಕಾಲೇಜಿನಲ್ಲಿ ವಿದ್ಯಾರ್ಥಿ ನಾಯಕಿ, ಮುಂದೆ ಟಿವಿ ವರದಿಗಾರ್ತಿ, ಯುದ್ಧಭೂಮಿಗೇ ಬಂದು ನಿಲ್ಲುತ್ತಾಳೆ. ತನಗೇನು ಬೇಕೆಂದು ಅವಳಿಗೆ ಮೊದಲಿನಿಂದ ಗೊತ್ತು. ಓಡಿ ಬಂದವನನ್ನು ಅವಳು ಸಮಾಧಾನ ಮಾಡಿದ್ದರೆ ಅವನು ಮನೆಯಲ್ಲೇ ಉಳಿಯುತ್ತಿದ್ದ. ಬಿಟ್ಟು ಹೋದದ್ದೇ ಅವಳು ಮಾಡಿದ ಉಪಕಾರ. ಈ ಪಾತ್ರವನ್ನು ‘ಪ್ರೀತಿಯ ಭಾಗ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕುಂಬಳೆ ಅರ್ಥಗಾರಿಕೆ

ಹಾಗಾದರೆ ರೋಮಿಲಾ ಬೃಹನ್ನಳೆಯೇ?

ಪೈವಳಿಕೆ ಓದುಗಿ

ಅಲ್ಲ. ಬೃಹನ್ನಳೆ ಹಿಡಿದು ತಂದಳು. ಇವಳು ಕೈಬಿಟ್ಟಳು. ಎರಡೂ ಬೇರೆ.

ಕುಂಬಳೆ ಅರ್ಥಗಾರಿಕೆ

ಸರಿ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಉತ್ತರನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಅವನಿಗೆ ನಾವು ಅನ್ಯಾಯ ಮಾಡುತ್ತಿದ್ದೇವೆ. ಓಡಿದ್ದು ಮಾತ್ರ ಗಾದೆಯಾಯಿತು. ಅದೇ ಉತ್ತರ ಆಮೇಲೆ ಬನ್ನಿಮರ ಹತ್ತಿ ಆಯುಧಗಳನ್ನು ಇಳಿಸಿದ, ಅರ್ಜುನನ ರಥದ ಹಗ್ಗ ಹಿಡಿದು ಭೀಷ್ಮ ದ್ರೋಣರ ನಡುವೆ ನುಗ್ಗಿಸಿದ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಎದುರು ಹೋರಾಡಿ ಸತ್ತ. ಹೆದರಿ ಓಡಿದ ಹುಡುಗ ಹಾಗೆ ಸತ್ತನೆಂದು ನಮ್ಮಲ್ಲಿ ಎಷ್ಟು ಜನ ಮಕ್ಕಳಿಗೆ ಹೇಳುತ್ತೇವೆ? ಒಲೆಯ ಮುಂದಿನ ಪೌರುಷ ಎಂದು ಮೂದಲಿಸುವುದಷ್ಟೇ ಗೊತ್ತು. ತಾಳಮದ್ದಳೆಯಲ್ಲಿ ಉತ್ತರನ ಅರ್ಥ ಹೇಳುವವರೂ ಬಹುಮಟ್ಟಿಗೆ ನಗಿಸಿ ಮುಗಿಸುತ್ತಾರೆ. ನನಗೆ ಇದು ಬಹಳ ವರ್ಷಗಳ ಬೇಸರ.

ನೀರ್ಚಾಲು ಅಡಿಕೆ ತೋಟ

ಈ ಶಲ್ಯನ ವಿಷಯ ನನಗೆ ಗೊತ್ತಿರಲಿಲ್ಲ. ಆ ಗಾದೆಯನ್ನೂ ನಾನು ಮಗನಿಗೆ ಆಡಿದ್ದೇನೆ.

ಉಪ್ಪಳ ಸಂಜೆ

ಕನ್ನಡದಲ್ಲಿ ಇಂಥ ಚಿತ್ರ ಏಕಿಲ್ಲ? ಸೈನಿಕನ ಕಥೆ ಎಂದರೆ 1990ರ ‘ಮುತ್ತಿನ ಹಾರ’ ಒಂದೇ ನೆನಪಾಗುತ್ತದೆ. ವಿಷ್ಣುವರ್ಧನ್, ಸುಹಾಸಿನಿ, ರಾಜೇಂದ್ರ ಸಿಂಗ್ ಬಾಬು, ಹಂಸಲೇಖ.

ಪೆರ್ಲದ ಟೀಚರ್

ಅದರಲ್ಲಿ ಕೊಡಗಿನ ಅಚ್ಚಪ್ಪ ಮೊದಲಿನಿಂದಲೇ ಸೈನಿಕ. ಅವನು ತನ್ನನ್ನು ಹುಡುಕುವುದಿಲ್ಲ, ಕಳೆದುಕೊಳ್ಳುತ್ತಾ ಹೋಗುತ್ತಾನೆ. ಅದೂ ದೊಡ್ಡ ಚಿತ್ರವೇ, ಆದರೆ ದಾರಿ ಬೇರೆ.

ರೈಲುಹಾದಿ ಮಂಜೇಶ್ವರ

ಕೇರಳದಲ್ಲಿರುವ ನಮ್ಮ ಕಾಸರಗೋಡಿನಲ್ಲಿ ಕನ್ನಡ ಚಿತ್ರ ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು, ಸುತ್ತ ಓಡುವುದು ಮಲಯಾಳ. ಹಾಗಾಗಿ ನಾನು ಕಂಡ ಸೇನಾ ಚಿತ್ರಗಳು ನಿರ್ದೇಶಕ ಮೇಜರ್ ರವಿ ಅವರವು. ‘ಕೀರ್ತಿಚಕ್ರ’ 2006, ‘ಕುರುಕ್ಷೇತ್ರ’ 2008. ಮೋಹನ್‌ಲಾಲ್ ಬರುವಾಗಲೇ ಪಳಗಿದ ಅಧಿಕಾರಿ. ಎರಡನೆಯದು ಕಾರ್ಗಿಲ್‌ನದೇ ಕಥೆ. ಈಗ ಯೋಚಿಸಿದರೆ, ಅಳುಕಿದ ಸೈನಿಕನನ್ನು ನಡುವಿಗೆ ತಂದ ಚಿತ್ರ ನಾನು ನೋಡಿದ್ದರಲ್ಲಿ ‘ಲಕ್ಷ್ಯ’ವೇ. ಉದ್ದವಾಯಿತು ಎಂಬ ಮಾತನ್ನು ಬಿಟ್ಟುಕೊಡುವುದಿಲ್ಲ. ಆದರೆ ಆ ಶ್ರೇಯ ಕೊಡುತ್ತೇನೆ.

ಮುಳ್ಳೇರಿಯ ಮಾಜಿ ಹವಾಲ್ದಾರ

ಬದಿಯಡ್ಕದ ತಮ್ಮನ ಮಾತಿಗೆ ಉತ್ತರ ಕೊಡಬೇಕಿತ್ತು, ನಿನ್ನೆ ತೋಟದಲ್ಲಿ ಕೆಲಸವಿತ್ತು.

ನಾನು ಸಂಬಳಕ್ಕಾಗಿಯೇ ಹೋದವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಮೂರು ಭಾಷೆ ಬಲ್ಲೆ ಎಂದು ಬೀಗಿದವನಿಗೆ ತರಬೇತಿ ಕೇಂದ್ರದಲ್ಲಿ ನಾಲ್ಕನೆಯದು ಬೇಕಾಯಿತು. ‘ದಾಹಿನೇ ಮುಡ್’ ಎಂದರೆ ಬಲಕ್ಕೆ, ‘ಬಾಯೇ ಮುಡ್’ ಎಂದರೆ ಎಡಕ್ಕೆ. ನನಗೆ ತಿಳಿಯದು. ಪಕ್ಕದವನ ಭುಜ ನೋಡಿ ತಿರುಗುತ್ತಿದ್ದೆ. ಹಾಗಾಗಿ ಯಾವಾಗಲೂ ಒಂದು ಕ್ಷಣ ಹಿಂದೆ. ಕವಾಯತು ಕಲಿಸುವ ಉಸ್ತಾದರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಒಂದು ದಿನ ಪಕ್ಕದವನು ತಪ್ಪಾಗಿ ತಿರುಗಿದ, ನಾನೂ ತಿರುಗಿದೆ. ಇಬ್ಬರಿಗೂ ರಗಡಾ, ಅಂದರೆ ಮೈ ದಂಡಿಸುವ ಶಿಕ್ಷೆ. ಮೈದಾನದ ಈ ತುದಿಯಿಂದ ಆ ತುದಿಗೆ ಫ್ರಂಟ್ ರೋಲ್, ಅಂದರೆ ಲಾಗ ಹಾಕುತ್ತಾ ಉರುಳುವುದು. ಬೆನ್ನಿನ ಸಿಪ್ಪೆ ಎದ್ದು ಬನಿಯನ್ ಅಂಟಿಕೊಂಡಿತ್ತು. ರಾತ್ರಿ ಅದನ್ನು ನೀರು ಹಾಕಿ ಬಿಡಿಸಿದವನು ಬಿಹಾರದ ಒಬ್ಬ ರಂಗರೂಟ, ನನ್ನಂತೆ ಹೊಸದಾಗಿ ಸೇರಿದವನು. ಅವನ ಮಾತು ನನಗೆ ತಿಳಿಯದು, ನನ್ನದು ಅವನಿಗೆ ತಿಳಿಯದು.

ಮೂರನೆಯ ವಾರ ಟ್ರಂಕ್ ಕಟ್ಟಿದ್ದೆ. ಹೋಗಲಿಲ್ಲ. ಧೈರ್ಯ ಬಂದು ಅಲ್ಲ, ಮನೆಗೆ ಏನು ಹೇಳುವುದು ಎಂದು ತಿಳಿಯದೆ. ಹಾಗಾಗಿ ಕರಣ್ ಮಾಡಿದ್ದು ನನ್ನಿಂದ ಆಗಲಿಲ್ಲ. ಅವನು ಹೋಗಿ ಮರಳಿದ, ನಾನು ಹೋಗಲೇ ಇಲ್ಲ.

ಆದರೆ ತಮ್ಮಾ, ಸಂಬಳಕ್ಕೆ ಹೋದವನಿಗೂ ಆ ದಿನ ಬರುತ್ತದೆ. ನನಗೆ ಬಂದದ್ದು ಎಂಟು ವರ್ಷದ ಮೇಲೆ, ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಜೋಜಿಲಾ ಕಣಿವೆಯಲ್ಲಿ. ಹನ್ನೊಂದೂವರೆ ಸಾವಿರ ಅಡಿ, ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ. ಮಳೆ ಬಂದು ದಾರಿ ಕೆಸರಾಗಿತ್ತು. ಮುಂದಿನ ಲಾರಿ ಹೂತು ನಿಂತಿತು. ಅದರ ಚಾಲಕ ಹೊಸ ಹುಡುಗ, ಸ್ಟಿಯರಿಂಗ್ ಬಿಟ್ಟು ಅಳುತ್ತಿದ್ದ. ನಾನು ಇಳಿದು ಹೋಗಿ ಅವನ ಸೀಟಿನಲ್ಲಿ ಕುಳಿತೆ. ಯಾರೂ ಹೇಳಿರಲಿಲ್ಲ. ಹಿಂದಿನ ಚಕ್ರ ಅಂಚಿನಿಂದ ಎಷ್ಟು ದೂರವಿದೆ ಎಂದು ನೋಡದೆ ಮುಂದೆ ತೆಗೆದೆ. 1948ರ ನವೆಂಬರ್ 1ರಂದು ಕೊಡಗಿನ ಜನರಲ್ ತಿಮ್ಮಯ್ಯ ಅವರು ಇದೇ ಕಣಿವೆಗೆ ಟ್ಯಾಂಕುಗಳನ್ನೇ ಹತ್ತಿಸಿದರು. ಅದನ್ನು ಶಾಲೆಯಲ್ಲಿ ಮಾಸ್ತರರು ಹೇಳಿದ್ದರು. ಆದರೆ ಆ ಹೊತ್ತಿಗೆ ನನಗೆ ನೆನಪಾದದ್ದು ತಿಮ್ಮಯ್ಯ ಅವರಲ್ಲ, ಬನಿಯನ್ ಬಿಡಿಸಿದ ಆ ಬಿಹಾರದವನು.

ಕೆಳಗಿಳಿದ ಮೇಲೆ ಕೈ ನಡುಗಿ ಚಹಾದ ಲೋಟ ಹಿಡಿಯಲಾಗಲಿಲ್ಲ.

ಬದಿಯಡ್ಕದ ಅಭ್ಯರ್ಥಿ

ಹವಾಲ್ದಾರಣ್ಣ, ನಾನು ಬರೆದದ್ದನ್ನು ಅಳಿಸುವುದಿಲ್ಲ. ಆದರೆ ‘ಇರುವವರ ಸೊತ್ತು’ ಎಂಬ ಮಾತು ಇನ್ನು ಆಡುವುದಿಲ್ಲ.

ರೈಲುಹಾದಿ ಮಂಜೇಶ್ವರ

ಇದನ್ನು ಯಾರಾದರೂ ಚಿತ್ರ ಮಾಡಬೇಕು. ಲಾರಿ ಚಾಲಕನ ಕಥೆ. ಬಾವುಟ ಬೇಡ, ಹಾಡು ಬೇಡ.

ಉಪ್ಪಳ ಸಂಜೆ

ಹಾಡು ಇರಲಿ.

ಪೈವಳಿಕೆ ಓದುಗಿ

ಚಿತ್ರಕ್ಕೇ ಮರಳಿದರೆ, ಕೊನೆಯ ದಾಳಿಗೆ ಮೊದಲು ಕರಣ್ ಅಪ್ಪನಿಗೆ ಫೋನ್ ಮಾಡುತ್ತಾನಲ್ಲ, ಆ ದೃಶ್ಯದ ಬಗ್ಗೆ ಇನ್ನೂ ಯಾರೂ ಬರೆಯಲಿಲ್ಲ. ಅಪ್ಪನಾಗಿ ಬೊಮನ್ ಇರಾನಿ. ತಪ್ಪಾಯಿತು ಎನ್ನುವುದು ಮಗ. ನನಗೆ ಪ್ರತಿ ಸಲವೂ ಅನಿಸುತ್ತದೆ, ಆ ಮಾತು ಆ ಕಡೆಯಿಂದ ಮೊದಲು ಬರಬೇಕಿತ್ತು. ಸಾಯಬಹುದಾದ ರಾತ್ರಿಯಲ್ಲಿ ಮಗನೇ ಏಕೆ ಕ್ಷಮೆ ಕೇಳಬೇಕು?

ಪೆರ್ಲದ ಟೀಚರ್

ಸರಿಯಾಗಿ ಹೇಳಿದೆ ಮಗಳೇ.

ಕುಂಬಳೆ ಅರ್ಥಗಾರಿಕೆ

ಅಪ್ಪಂದಿರಿಗೆ ಅದು ಸುಲಭವಲ್ಲ.

ಪೈವಳಿಕೆ ಓದುಗಿ

ಬೆಟ್ಟ ಹತ್ತುವುದು ಮಕ್ಕಳಿಗೂ ಸುಲಭವಲ್ಲ.

ನೀರ್ಚಾಲು ಅಡಿಕೆ ತೋಟ

ಎರಡು ದಿನ ಬರೆಯಲಿಲ್ಲ, ಎಲ್ಲರೂ ಕ್ಷಮಿಸಿ.

ಹವಾಲ್ದಾರರು ಬರೆದದ್ದನ್ನು ಮೊನ್ನೆ ರಾತ್ರಿ ಮಗನಿಗೆ ಓದಿ ಹೇಳಿದೆ. ಅವನು ಜಗಲಿಯಲ್ಲಿ ಗೋಡೆಗೆ ಒರಗಿ ಮೊಬೈಲ್ ನೋಡುತ್ತಿದ್ದ. ‘ಒಂದು ಸಂಗತಿ ಕೇಳು’ ಎಂದು ಓದಲು ತೊಡಗಿದೆ, ಬೇಡ ಎನ್ನಲಿಲ್ಲ. ‘ಪಕ್ಕದವನ ಭುಜ ನೋಡಿ ತಿರುಗುತ್ತಿದ್ದೆ’ ಎಂಬಲ್ಲಿಗೆ ಬಂದಾಗ ಮೊಬೈಲ್ ಕೆಳಗಿಟ್ಟ. ಮುಗಿದ ಮೇಲೆ ಆ ಭಾಗವನ್ನು ಇನ್ನೊಮ್ಮೆ ಓದು ಎಂದ.

ಆಮೇಲೆ ಅವನೇ ಹೇಳಿದ. ಶಿಬಿರದಲ್ಲಿ ಆಜ್ಞೆಗಳೆಲ್ಲ ಹಿಂದಿಯಲ್ಲಿ. ಇವನಿಗೆ ಎಡಬಲ ತಪ್ಪುತ್ತಿತ್ತು. ತಲೆ ಬೋಳಿಸಿದಾಗ, ಐದು ವರ್ಷದವನಿದ್ದಾಗ ಕಟ್ಟೆಯಿಂದ ಬಿದ್ದು ಆದ ಗಾಯದ ಗೆರೆ ಕಾಣಿಸಿತಂತೆ. ಆ ಗೆರೆಗೂ ಈ ತಪ್ಪಿಗೂ ಸೇರಿಸಿ ಒಂದು ಅಡ್ಡಹೆಸರು ಇಟ್ಟರು. ಊಟದ ಸಾಲಿನಲ್ಲೂ ಅದೇ ಹೆಸರಿನಿಂದ ಕರೆಯುತ್ತಿದ್ದರು. ಓಟದಲ್ಲಿ ಅವನು ಹಿಂದೆ ಬಿದ್ದಿರಲೇ ಇಲ್ಲ. 1.6 ಕಿಲೋಮೀಟರ್ ಓಟದಲ್ಲಿ ಆ ಗುಂಪಿಗೆ ಮೂರನೆಯವನಾಗಿದ್ದನಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಐದು ವಾರ ಒಂದೇ ಸೂರಿನ ಕೆಳಗೆ ಇದ್ದು ಗೊತ್ತಿರಲಿಲ್ಲ.

ನಾನು ಅಂಗಳದಲ್ಲಿ ಆಡಿದ ಮಾತು ತಪ್ಪು ಎಂದು ಅವನಿಗೆ ಹೇಳಿದೆ. ಅವನು ಏನೂ ಹೇಳಲಿಲ್ಲ. ಮನೆಯವಳು ಒಳಗಿನಿಂದ ಕೇಳಿಸಿಕೊಂಡಿದ್ದಳು, ಬಂದು ಇಬ್ಬರಿಗೂ ಮಜ್ಜಿಗೆ ಕೊಟ್ಟಳು.

ನಿನ್ನೆ ಇಬ್ಬರೂ ಕುಳಿತು ‘ಲಕ್ಷ್ಯ’ ನೋಡಿದೆವು. ಅರ್ಧಕ್ಕೆ ನಿಲ್ಲಿಸಿದ, ಉಳಿದದ್ದನ್ನು ಇಂದು ನೋಡುತ್ತಾನಂತೆ. ಶಿಬಿರಕ್ಕೆ ಮತ್ತೆ ಹೋಗುತ್ತಾನೋ ಇಲ್ಲವೋ ನಾನು ಕೇಳಲಿಲ್ಲ. ಹವಾಲ್ದಾರರೇ, ಅವನು ನಿಮ್ಮನ್ನು ಒಂದು ಮಾತು ಕೇಳಬೇಕಂತೆ: ಆ ಬಿಹಾರದವರು ಈಗ ಎಲ್ಲಿದ್ದಾರೆ?

ಮುಳ್ಳೇರಿಯ ಮಾಜಿ ಹವಾಲ್ದಾರ

ನಿವೃತ್ತನಾಗಿ ಊರಿನಲ್ಲಿ ಹೊಲ ಮಾಡುತ್ತಿದ್ದಾನೆ. ದೀಪಾವಳಿಗೆ ಫೋನ್ ಮಾಡುತ್ತಾನೆ, ಈಗ ನನಗೆ ಅವನ ಮಾತು ತಿಳಿಯುತ್ತದೆ.

ಭಾನುವಾರ ಬೆಳಗ್ಗೆ ಆರಕ್ಕೆ ಮಗನನ್ನು ನಮ್ಮ ಕಡೆ ಕಳುಹಿಸಿ. ಶಿಬಿರದ ಮಾತು ಬೇಡ, ಓಟವೂ ಬೇಡ. ತೋಟದ ಪಕ್ಕ ಸಮತಟ್ಟಾದ ಜಾಗವಿದೆ. ದಾಹಿನೇ, ಬಾಯೇ ಕಲಿಸಲು ಅರ್ಧ ಗಂಟೆ ಸಾಕು. ಆಮೇಲೆ ಇಲ್ಲೇ ತಿಂಡಿ.

ನೀರ್ಚಾಲು ಅಡಿಕೆ ತೋಟ

ಅವನನ್ನೇ ಕೇಳಿ ತಿಳಿಸುತ್ತೇನೆ.